ರುಬಿಕನ್ ಹೊಳೆಯನ್ನು ದಾಟಿದವರು ಯಾರು?

ಶಾಲಾಮಾಸ್ತರರಾದ ನಮ್ಮ ಸ್ನೇಹಿತರೊಬ್ಬರು ಕೆಲವು ದಿನಗಳ ಹಿಂದೆ ಒಂದು ಉತ್ತರಪತ್ರಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಕರ್ನಾಟಕದ ಏಕೀಕರಣವನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರೆಂದು ಅವರು ಕೊಟ್ಟ ಪ್ರಶ್ನೆಗೆ ಒಬ್ಬ ವಿದ್ಯಾರ್ಥಿಯು, 1956ನೆಯ ಇಸವಿಯ ನವೆಂಬರ 1ನೆಯ ತಾರೀಖಿನಂದು ಕನ್ನಡಿಗರು ರುಬಿಕನ್ ನದಿಯನ್ನು ದಾಟಿದರೆಂದು ಉತ್ತರವನ್ನು ಆರಂಭಿಸಿದ್ದನು. ಇದನ್ನು ಎಲ್ಲಿ ಕಲಿತೆಯೆಂದು ಕೇಳಿದ್ದಕ್ಕೆ ವೃತ್ತಪತ್ರದಲ್ಲಿ ಓದಿದೆನೆಂದು ಹೇಳಿದನಂತೆ. ಆ ನದಿಯು ಎಲ್ಲಿರುವದೆಂದು ಕೇಳಿದ್ದಕ್ಕೆ, ಅದು ತುಂಗಭದ್ರೆಯ ಇಂಗ್ಲಿಷ್ ಹೆಸರಾಗಿರಬೇಕೆಂದನಂತೆ. ಮಾಸ್ತರರು ನಕ್ಕರು, ನಾವೂ ನಕ್ಕೆವು. ಆದರೆ ನಗೆ ಮುಗಿದ ಮೇಲೆ ಅವರು, "ಈ ವಾಕ್ಯಕ್ಕೆ ಅಂಕ ಕೊಡಬೇಕೋ ಬೇಡವೋ ಹೇಳಿರಿ" ಎಂದು ಕೇಳಿದಾಗ ನಮಗೆ ಒಮ್ಮೆಲೇ ಉತ್ತರವು ತೋಚಲಿಲ್ಲ. ಈ ಲೇಖನವು ಆ ಪ್ರಶ್ನೆಯಿಂದ ಹುಟ್ಟಿದ್ದು.

ಹುಡುಗನನ್ನು ದೂರುವದರಲ್ಲಿ ಅರ್ಥವಿಲ್ಲ. 'ರುಬಿಕನ್ ದಾಟುವದು' ಎಂಬ ಇಂಗ್ಲಿಷ್ ನುಡಿಗಟ್ಟು ಈಗ ನಮ್ಮ ಪತ್ರಿಕೆಗಳಲ್ಲಿ ಪರದೇಶದ ಸರಕಾಗಿ ಉಳಿದಿಲ್ಲ, ಸಂತೆಯ ಸರಕಾಗಿದೆ. ಒಬ್ಬ ಮಂತ್ರಿಯು ಪಕ್ಷವನ್ನು ಬದಲಿಸಿದರೆ ರುಬಿಕನ್ ದಾಟಿದನು. ಒಂದು ಬ್ಯಾಂಕು ಬಡ್ಡಿಯ ದರವನ್ನು ಇಳಿಸಿದರೆ ರುಬಿಕನ್ ದಾಟಿತು. ಸರಕಾರವು ಒಂದು ಆಜ್ಞೆಯನ್ನು ಹೊರಡಿಸಿದರೆ ಅದೂ ರುಬಿಕನ್ನೇ. ಪಕ್ಷ ಬಿಟ್ಟ ಅದೇ ಮಂತ್ರಿಯು ವರ್ಷ ತುಂಬುವದರೊಳಗೆ ಹಳೆಯ ಪಕ್ಷಕ್ಕೆ ಮರಳಿ ಬಂದಾಗ, ಅವನು ಆ ಹೊಳೆಯನ್ನು ಹಿಂದಕ್ಕೆ ದಾಟಿದನೆಂದು ಬರೆಯುವ ಧೈರ್ಯ ಮಾತ್ರ ಯಾವ ಸಂಪಾದಕನಿಗೂ ಬಂದಂತೆ ಕಾಣುವದಿಲ್ಲ. ಮಾತಿನ ಅರ್ಥವೇ ಹಿಂದಿರುಗಲಾರದ ಹೆಜ್ಜೆಯೆಂದು ಇರುವಾಗ, ದಿನಕ್ಕೆ ಎರಡು ಸಲ ಆ ಹೊಳೆಯನ್ನು ಈಜುವವರ ಗತಿಯೇನು?

ಆದುದರಿಂದ ಮೊದಲು ಆ ಹೊಳೆಯ ಬಳಿಗೇ ಹೋಗೋಣ. ಅದು ಇಟಲಿಯ ಈಶಾನ್ಯಭಾಗದಲ್ಲಿ ಆಡ್ರಿಯಾಟಿಕ್ ಸಮುದ್ರವನ್ನು ಸೇರುವ ಒಂದು ಚಿಕ್ಕ ಹಳ್ಳ. ಅದರ ಹೆಸರನ್ನು ಕೆಂಪು ಎಂಬ ಅರ್ಥದ ಲ್ಯಾಟಿನ್ ಶಬ್ದಕ್ಕೆ ಜೋಡಿಸುತ್ತಾರೆ. ಮಣ್ಣಿನ ಬಣ್ಣದಿಂದ ನೀರು ಕೆಂಪಗೆ ಕಾಣುತ್ತಿದ್ದಿರಬಹುದು. ನಮ್ಮ ಕೃಷ್ಣೆ ತುಂಗಭದ್ರೆಗಳನ್ನು ಕಂಡವರಿಗೆ ಅದನ್ನು ನದಿಯೆಂದು ಕರೆಯಲು ಸಂಕೋಚವಾಗುವದು. ಅದು ಎಷ್ಟು ಅಲ್ಪವಾದದ್ದೆಂದರೆ, ಮುಂದಿನ ಕಾಲದಲ್ಲಿ ಅಲ್ಲಿಯ ಜನರೇ ಅದು ಯಾವ ಹಳ್ಳವೆಂಬದನ್ನು ಮರೆತುಬಿಟ್ಟರು. ಆ ಸೀಮೆಯಲ್ಲಿ ಹರಿಯುವ ಪಿಶ್ಯಾತೆಲ್ಲೊ, ಉಸೊ, ಫ್ಯುಮಿಚೀನೊ ಎಂಬ ಮೂರು ಹಳ್ಳಗಳಲ್ಲಿ ನಿಜವಾದ ರುಬಿಕನ್ ಯಾವದೆಂದು ಪಂಡಿತರು ಶತಮಾನಗಳವರೆಗೆ ಜಗಳಾಡಿದರು. ಕೊನೆಗೆ 1933ರಲ್ಲಿ ಮುಸೊಲಿನಿಯ ಸರಕಾರವು ಫ್ಯುಮಿಚೀನೊ ಹಳ್ಳವೇ ರುಬಿಕನ್ ಎಂದು ಹೆಸರಿಟ್ಟು ವಾದವನ್ನು ಮುಗಿಸಿತು. ಅದರ ದಂಡೆಯ ಸವಿನ್ಯಾನೊ ಊರಿಗೂ ಆಗಲೇ ರುಬಿಕನ್ನಿನ ಹೆಸರು ಅಂಟಿತು. ಪಂಡಿತರು ಬಗೆಹರಿಸದ ವಾದವನ್ನು ಸರ್ವಾಧಿಕಾರಿಯು ಒಂದು ಸಹಿಯಿಂದ ಬಗೆಹರಿಸಿದನೆಂಬದು ಬೇರೆ ಮಾತು.

ಇಂಥ ಹಳ್ಳಕ್ಕೆ ಮಹತ್ತ್ವವು ಬಂದದ್ದು ನೀರಿನಿಂದಲ್ಲ, ಕಾಯಿದೆಯಿಂದ. ರೋಮ ಗಣರಾಜ್ಯದಲ್ಲಿ ಹಳ್ಳದ ಉತ್ತರಕ್ಕೆ ಆಲ್ಪ್ಸ್ ಪರ್ವತದ ಈಚೆಯ ಗಾಲ್ ಎಂಬ ಪ್ರಾಂತವಿದ್ದಿತು. ದಕ್ಷಿಣಕ್ಕೆ ಇಟಲಿಯ ನಿಜಭೂಮಿ. ಪ್ರಾಂತಾಧಿಕಾರಿಗೆ ತನ್ನ ಪ್ರಾಂತದ ಮೇರೆಯೊಳಗೆ ಸೈನ್ಯದ ಮೇಲೆ ಪೂರ್ಣಾಧಿಕಾರ. ಸೈನ್ಯವನ್ನು ಕರೆದುಕೊಂಡು ಆ ಮೇರೆಯನ್ನು ಮೀರಿದನೆಂದರೆ ಅವನು ರಾಜ್ಯದ್ರೋಹಿ. ರೈತನು ತನ್ನ ಎತ್ತುಗಳನ್ನು ಹೊಡೆದುಕೊಂಡು ದಾಟಿದರೆ, ವ್ಯಾಪಾರಿಯು ಮೂಟೆ ಹೊತ್ತು ದಾಟಿದರೆ ಏನೂ ಇಲ್ಲ. ಆಯುಧ ಹಿಡಿದ ದಂಡಿನೊಡನೆ ದಾಟಿದರೆ ಮಾತ್ರ ಹಿಂದಿರುಗುವ ದಾರಿಯು ಮುಚ್ಚಿಹೋಗುವದು.

ಜ್ಯೂಲಿಯಸ್ ಸೀಝರನು ಕ್ರಿ.ಪೂ. 58ರಿಂದ ಗಾಲ್ ದೇಶದಲ್ಲಿ ಯುದ್ಧ ಮಾಡುತ್ತ ಕೀರ್ತಿಯನ್ನೂ ಹಣವನ್ನೂ ಅಪಾರವಾಗಿ ಗಳಿಸಿದ್ದನು. ಅಷ್ಟೇ ಅಪಾರವಾಗಿ ವೈರಿಗಳನ್ನೂ ಗಳಿಸಿದ್ದನು. ಅಧಿಕಾರವನ್ನು ಬಿಟ್ಟು ಖಾಸಗಿ ಮನುಷ್ಯನಾಗಿ ರೋಮಕ್ಕೆ ಬಂದ ಮರುಗಳಿಗೆಯೇ ವೈರಿಗಳು ತನ್ನನ್ನು ನ್ಯಾಯಾಸನದ ಮುಂದೆ ಎಳೆಯುವರೆಂಬದು ಅವನಿಗೆ ಗೊತ್ತಿತ್ತು. ದೂರದಿಂದಲೇ ಕಾನ್ಸಲ್ ಪದವಿಗೆ ಉಮೇದುವಾರನಾಗಲು ಅವನು ಬಯಸಿದನು. ಸೆನೇಟ್ ಸಭೆಯು ಒಪ್ಪಲಿಲ್ಲ. ಕ್ರಿ.ಪೂ. 49ರ ಜಾನೇವಾರಿಯ ಆರಂಭದಲ್ಲಿ ಸೈನ್ಯವನ್ನು ವಿಸರ್ಜಿಸಬೇಕೆಂದು ಠರಾವಾಯಿತು. ಅವನ ಪಕ್ಷದ ಟ್ರಿಬ್ಯೂನರು, ಅವರಲ್ಲಿ ಮಾರ್ಕ್ ಆಂಟನಿಯೂ ಒಬ್ಬನು, ರೋಮವನ್ನು ಬಿಟ್ಟು ಅವನ ಕಡೆಗೆ ಓಡಿಬಂದರು.

ಆಗ ಸೀಝರನ ಬಳಿಯಲ್ಲಿ ರಾವೆನ್ನಾ ಪಟ್ಟಣದಲ್ಲಿ ಇದ್ದದ್ದು ಹದಿಮೂರನೆಯ ಪಡೆಯೊಂದೇ. ಐದು ಸಾವಿರ ಕಾಲಾಳುಗಳು, ಮುನ್ನೂರು ರಾವುತರು ಎಂದು ಪ್ಲುಟಾರ್ಕನು ಲೆಕ್ಕ ಹೇಳುತ್ತಾನೆ. ಮುಂದಿನ ಸಂಗತಿಯನ್ನು ಸುಯೆಟೋನಿಯಸನು ಬರೆದಿಟ್ಟ ರೀತಿಯು ಬಹಳ ರಸವತ್ತಾಗಿದೆ. ಸೈನ್ಯವನ್ನು ಗುಟ್ಟಾಗಿ ಮುಂದಕ್ಕೆ ಕಳಿಸಿ, ಯಾರಿಗೂ ಸಂಶಯ ಬಾರದಿರಲೆಂದು ಸೀಝರನು ಆ ದಿನ ಸಾರ್ವಜನಿಕ ಆಟವನ್ನು ನೋಡಿದನು, ಕಟ್ಟಿಸಬೇಕೆಂದಿದ್ದ ಒಂದು ಶಾಲೆಯ ನಕಾಶೆಯನ್ನು ಪರೀಕ್ಷಿಸಿದನು, ಅತಿಥಿಗಳೊಡನೆ ಊಟಕ್ಕೆ ಕುಳಿತನು. ಕತ್ತಲಾದ ಮೇಲೆ ಪಕ್ಕದ ರೊಟ್ಟಿಯಂಗಡಿಯ ಹೇಸರಗತ್ತೆಗಳನ್ನು ಗಾಡಿಗೆ ಹೂಡಿಸಿಕೊಂಡು ಕೆಲವರೇ ಜೊತೆಗಾರರೊಡನೆ ಹೊರಟನು. ದಾರಿಯಲ್ಲಿ ದೀಪಗಳು ಆರಿದವು, ದಾರಿ ತಪ್ಪಿತು. ಜಗತ್ತಿನ ಇತಿಹಾಸವನ್ನು ತಿರುಗಿಸಿದ ಪ್ರಯಾಣವೆಂದು ನಾವು ಓದುವ ಆ ಪ್ರಯಾಣದಲ್ಲಿ ಮಹಾವೀರನು ಬೆಳಗಿನ ಜಾವದವರೆಗೆ ಕಾಲುದಾರಿಗಳಲ್ಲಿ ಅಲೆದಾಡಿ, ಕೊನೆಗೆ ಒಬ್ಬ ದಾರಿಗನನ್ನು ಹಿಡಿದು ಹೊಳೆಯ ದಂಡೆಗೆ ಬಂದು ಮುಟ್ಟಿದನು.

ಅಲ್ಲಿ ಅವನು ನಿಂತನು. ನುಡಿಗಟ್ಟಿನ ಪ್ರಾಣವೆಲ್ಲ ಈ ನಿಲುಗಡೆಯಲ್ಲಿರುವದು. ಹೊಳೆಯ ಮೇಲೆ ಇದ್ದದ್ದು ಒಂದು ಸಣ್ಣ ಸೇತುವೆ. ಈಗಲೂ ಹಿಂದಿರುಗಬಹುದು, ಈ ಸೇತುವೆಯನ್ನು ದಾಟಿದೆವೆಂದರೆ ಮುಂದಿನದೆಲ್ಲವೂ ಆಯುಧದಿಂದಲೇ ತೀರಬೇಕು ಎಂಬ ಅಭಿಪ್ರಾಯದ ಮಾತನ್ನು ಸಂಗಡಿಗರಿಗೆ ಅವನು ಹೇಳಿದನೆಂದು ಸುಯೆಟೋನಿಯಸನ ಹೇಳಿಕೆ. ದಾಟಿದರೆ ಲೋಕಕ್ಕೆ ಬರುವ ಅನರ್ಥವೆಷ್ಟು, ದಾಟದಿದ್ದರೆ ತನಗೆ ಬರುವ ಅನರ್ಥವೆಷ್ಟು ಎಂದು ಅವನು ತೂಗಿ ನೋಡಿದನೆಂದು ಅಪ್ಪಿಯನನು ಬರೆಯುತ್ತಾನೆ. ಆಮೇಲೆ ದಾಟಿದನು. ಪಾಂಪೆಯೂ ಸೆನೇಟಿನ ಬಹುಜನರೂ ರೋಮವನ್ನು ಬಿಟ್ಟು ಓಡಿದರು. ಮರುವರ್ಷ ಫಾರ್ಸಾಲಸ್ ರಣಾಂಗಣದಲ್ಲಿ ಪಾಂಪೆ ಸೋತನು. ಕ್ರಿ.ಪೂ. 44ರ ಮಾರ್ಚ 15ಕ್ಕೆ ಸೀಝರನೂ ಕೊಲೆಯಾದನು. ಹದಿನೇಳು ವರ್ಷ ಕಳೆದು, ಕ್ರಿ.ಪೂ. 27ರಲ್ಲಿ, ಅವನ ದತ್ತಕನು ಆಗಸ್ಟಸ್ ಎಂಬ ಬಿರುದು ಧರಿಸಿದಾಗ ಗಣರಾಜ್ಯದ ಹೆಸರು ಮಾತ್ರ ಉಳಿದಿತ್ತು.

ಇಷ್ಟರಿಂದ ಈ ಮಾತಿನೊಳಗೆ ಏನೇನು ಅಡಗಿದೆಯೆಂಬದು ಸ್ಪಷ್ಟವಾಗುವದು. ದಾಟುವವನು ಒಬ್ಬ ಗೊತ್ತಾದ ಮನುಷ್ಯನಾಗಿರಬೇಕು. ಮೇರೆ ಎಲ್ಲಿದೆಯೆಂಬದು ಅವನಿಗೆ ತಿಳಿದಿರಬೇಕು. ಹಿಂದಿರುಗುವ ಅವಕಾಶವು ಆ ಕ್ಷಣದವರೆಗೆ ನಿಜವಾಗಿಯೂ ಇರಬೇಕು. ದಾಟಿದುದಕ್ಕೆ ತನ್ನ ತಲೆಯನ್ನೇ ಒತ್ತೆಯಿಟ್ಟಿರಬೇಕು. ಇವಿಲ್ಲದೆ ಬರಿಯ ದೊಡ್ಡ ಬದಲಾವಣೆಗೆಲ್ಲ ಈ ಹೆಸರನ್ನು ಕೊಡುವದು ತಪ್ಪು. ಇಂಗ್ಲಿಷರೇ ಬೇರೆ ಬೇರೆ ಬದಲಾವಣೆಗಳಿಗೆ ಬೇರೆ ಬೇರೆ ಮಾತುಗಳನ್ನು ಇಟ್ಟುಕೊಂಡಿದ್ದಾರೆ. ದಾರಿ ತಿರುಗುವ ಸ್ಥಳದಿಂದ ಒಂದು ಮಾತು, ನೀರು ಇಬ್ಭಾಗವಾಗಿ ಹರಿಯುವ ಗುಡ್ಡದ ಏಣಿನಿಂದ ಒಂದು ಮಾತು, ಶೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕದಿಂದ ಬಂದ ಸಮುದ್ರಪರಿವರ್ತನೆಯ ಮಾತು ಇನ್ನೊಂದು. ಈ ಕೊನೆಯದಂತೂ ನೀರಿನ ಕೆಳಗೆ ಯಾರ ಕಣ್ಣಿಗೂ ಬೀಳದೆ ನಿಧಾನವಾಗಿ ಆಗುವ ಮಾರ್ಪಾಡು. ರುಬಿಕನ್ನಿಗೆ ನೇರ ವಿರುದ್ಧವಾದದ್ದು. ನಮ್ಮವರು ಎಲ್ಲವನ್ನೂ ಒಂದೇ ಗೋಣಿಚೀಲದಲ್ಲಿ ತುಂಬಿದ್ದಾರೆ.

ಈ ಹೊಳೆಯ ಜೊತೆಗೇ ಬರುವ 'ದಾಳ ಉರುಳಿತು' ಎಂಬ ಮಾತಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವದು ಒಳ್ಳೆಯದು. ಸುಯೆಟೋನಿಯಸನ ಲ್ಯಾಟಿನ್ ಪಾಠದಲ್ಲಿ ಲೆತ್ತವನ್ನು ಎಸೆದಾಯಿತು ಎಂಬ ಅರ್ಥವಿದೆ. ಪ್ಲುಟಾರ್ಕನ ಪ್ರಕಾರ ಸೀಝರನು ಆಡಿದ್ದು ಗ್ರೀಕ್ ಭಾಷೆಯಲ್ಲಿ. ಅದರ ಅರ್ಥ, ಲೆತ್ತ ಬೀಳಲಿ ಎಂದು. ಅದು ಮೆನಾಂಡರ ಎಂಬ ಗ್ರೀಕ್ ನಾಟಕಕಾರನಲ್ಲಿ ಬರುವ, ಜೂಜುಗಾರರ ಬಾಯಲ್ಲಿ ಓಡಾಡುತ್ತಿದ್ದ ಮಾತು. ಇವೆರಡರ ಅಂತರವು ಸಣ್ಣದಲ್ಲ. ಎಸೆಯುವವನಿಗೆ ಗರ ಏನು ಬೀಳುವದೆಂದು ತಿಳಿದಿರುವದಿಲ್ಲ. ಹೆಜ್ಜೆಯು ಹಿಂತೆಗೆಯಲಾರದ್ದು ನಿಜ, ಫಲವು ಮಾತ್ರ ಇನ್ನೂ ಗಾಳಿಯಲ್ಲಿರುವದು. ನಮ್ಮ ಪತ್ರಿಕೆಗಳಲ್ಲಿ ದಾಳ ಉರುಳಿತೆಂದರೆ ಆಟವೇ ಮುಗಿಯಿತೆಂದು ಅರ್ಥವಾಗಿದೆ. ಮೇಲಾಗಿ ಕನ್ನಡ ವಾಚಕನಿಗೆ ದಾಳವೆಂದೊಡನೆ ನೆನಪಾಗುವದು ಸೀಝರನಲ್ಲ, ಧರ್ಮರಾಯ. ಆ ಕಥೆಯಲ್ಲಿಯಾದರೋ ಮೊದಲನೆಯ ಜೂಜಿನಲ್ಲಿ ಹೋದದ್ದೆಲ್ಲವನ್ನೂ ಧೃತರಾಷ್ಟ್ರನು ಹಿಂದಕ್ಕೆ ಕೊಟ್ಟುಬಿಟ್ಟನು! ಪಾಂಡವರನ್ನು ಮರಳಿ ಕರೆಸಿ ಎರಡನೆಯ ಸಲ ಆಡಿಸಿದಾಗಲೇ ವನವಾಸವು ಗಟ್ಟಿಯಾದದ್ದು. ಹೀಗಾಗಿ ದಾಳದ ಉಪಮೆಯಿಂದ ನಮ್ಮವನಿಗೆ ನಿರ್ಧಾರದ ನೆನಪಾಗುವದಕ್ಕಿಂತ ವ್ಯಸನದ ನೆನಪಾಗುವದೇ ಹೆಚ್ಚು.

ಕೆಲವರು ರುಬಿಕನ್ನನ್ನು ಕನ್ನಡಿಸುವ ಉತ್ಸಾಹದಲ್ಲಿ ಲಕ್ಷ್ಮಣರೇಖೆಯನ್ನು ತಂದು ನಿಲ್ಲಿಸುತ್ತಾರೆ. ಇದೂ ಹೊಂದುವದಿಲ್ಲ. ಜನರ ಬಾಯಲ್ಲಿರುವ ಕಥೆಯಂತೆ ಸೀತೆಯು ಗೆರೆಯನ್ನು ದಾಟಿದ್ದು ಭಿಕ್ಷುಕನೆಂದು ನಂಬಿ, ಕರುಣೆಯಿಂದ, ಮೋಸಹೋಗಿ. ಸೀಝರನು ಮೋಸಹೋಗಲಿಲ್ಲ. ಹಿಂತೆಗೆಯಲಾರದ್ದನ್ನು ಹೇಳಲು ನಮ್ಮ ಮನೆಯಲ್ಲಿಯೇ ಮಾತಿಗೆ ಬಡತನವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತೇವೆ. ಬಿಟ್ಟ ಬಾಣವೆನ್ನುತ್ತೇವೆ. ಅಡಕೆಗೆ ಹೋದ ಮಾನವು ಆನೆ ಕೊಟ್ಟರೂ ಬಾರದೆನ್ನುತ್ತೇವೆ. ಹೊಳೆಯನ್ನು ದಾಟುವ ಗಾದೆಯೂ ಇದೆ. ಆದರೆ ಅದರಲ್ಲಿ ದಾಟಿದವನು ವೀರನಲ್ಲ, ದಾಟಿದ ಮೇಲೆ ಅಂಬಿಗನನ್ನು ಮರೆತ ಕೃತಘ್ನ. ಈ ಗಾದೆಯನ್ನು ವಾಚಕರು ತುಸು ಹೊತ್ತು ನೆನಪಿನಲ್ಲಿಡಬೇಕೆಂದು ಬಿನ್ನಹ.

ಇನ್ನು, ಹೆಜ್ಜೆಯನ್ನಿಡದೆ ಮಾತನ್ನು ಮಾತ್ರ ಆಡಿದರೆ ಏನಾಗುವದೆಂಬುದಕ್ಕೆ ದಕ್ಷಿಣ ಆಫ್ರಿಕದ ಉದಾಹರಣೆಯೊಂದು ಸಾಕು. 1985ನೆಯ ಇಸವಿಯ ಅಗಸ್ಟ 15ನೆಯ ತಾರೀಖಿಗೆ, ನಾವು ಇಲ್ಲಿ ಧ್ವಜವಂದನೆ ಮಾಡುತ್ತಿದ್ದ ದಿನದಂದೇ, ಆ ದೇಶದ ಅಧ್ಯಕ್ಷ ಪಿ. ಡಬ್ಲ್ಯೂ. ಬೋಥಾ ಇವರು ಡರ್ಬನ್ ನಗರದಲ್ಲಿ ತಮ್ಮ ಪಕ್ಷದ ಸಭೆಯ ಮುಂದೆ ಭಾಷಣಕ್ಕೆ ನಿಂತರು. ವರ್ಣಭೇದದ ಕಟ್ಟುಗಳು ಸಡಿಲವಾಗುವವೆಂದೂ ನೆಲ್ಸನ್ ಮಂಡೇಲಾ ಇವರ ಬಿಡುಗಡೆಯ ಸುದ್ದಿ ಬರಬಹುದೆಂದೂ ಜಗತ್ತೆಲ್ಲ ಕಿವಿಗೊಟ್ಟು ಕುಳಿತಿತ್ತು. ಬೋಥಾ ಇವರು ಹೊರಗಿನವರ ಒತ್ತಾಯಕ್ಕೆ ಮಣಿಯುವದಿಲ್ಲವೆಂದು ಬೆರಳೆತ್ತಿ ಗದರಿಸಿ, ಕೊನೆಗೆ ತಾವು ಈ ದಿನ ರುಬಿಕನ್ ದಾಟುತ್ತಿರುವೆವೆಂದು ಹೇಳಿ ಇಳಿದರು. ದಾಟಿದ್ದು ಏನೂ ಇರಲಿಲ್ಲ. ಆ ದೇಶದ ನಾಣ್ಯದ ಬೆಲೆಯು ಕುಸಿದುಬಿದ್ದಿತು. ತಿಂಗಳ ಕೊನೆಗೆ ಅಲ್ಲಿಯ ಶೇರುಪೇಟೆಯನ್ನೂ ಹಣದ ಪೇಟೆಯನ್ನೂ ಕೆಲವು ದಿನ ಮುಚ್ಚಬೇಕಾಯಿತು. ಆ ಭಾಷಣಕ್ಕೆ 'ರುಬಿಕನ್ ಭಾಷಣ'ವೆಂದು ಈಗಲೂ ಹೆಸರಿದೆ, ಗೌರವದಿಂದಲ್ಲ. ಮುಂದೆ 1990ರ ಫೆಬ್ರುವರಿ 2ಕ್ಕೆ ಎಫ್. ಡಬ್ಲ್ಯೂ. ಡಿ ಕ್ಲರ್ಕ್ ಇವರು ಪಾರ್ಲಿಮೆಂಟಿನಲ್ಲಿ ಆಫ್ರಿಕನ್ ನ್ಯಾಶನಲ್ ಕಾಂಗ್ರೆಸ್ಸಿನ ಮೇಲಿನ ನಿರ್ಬಂಧವನ್ನು ತೆಗೆದದ್ದಾಗಿ ಸಾರಿದರು. ಅದೇ ತಿಂಗಳ 11ಕ್ಕೆ ಮಂಡೇಲಾ ಇವರು ಸೆರೆಮನೆಯಿಂದ ಹೊರಬಂದರು. ಆ ಹೊಳೆ ನಿಜವಾಗಿ ದಾಟಿದ್ದು ಆಗ.

ಈಗ ನಮ್ಮ ಮಾಸ್ತರರ ಹುಡುಗನ ಕಡೆಗೆ ಬರೋಣ. ತುಂಗಭದ್ರೆಯೇ ರುಬಿಕನ್ ಇರಬೇಕೆಂದು ಅವನು ಊಹಿಸಿದ್ದು ನಾವು ನಕ್ಕಷ್ಟು ಹಾಸ್ಯಾಸ್ಪದವಲ್ಲ. ತುಂಗಭದ್ರೆಯೂ ಮೇರೆಯ ಹೊಳೆಯಾಗಿದ್ದಿತು. ಹರಿಹರದಲ್ಲಿ ಈಚೆಯ ದಂಡೆ ಮೈಸೂರು ಸಂಸ್ಥಾನ, ಆಚೆಯ ದಂಡೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆ. ಇನ್ನೂ ಕೆಳಗೆ, ವಿಜಯನಗರದ ಅರಸರು ಒಂದೇ ರಾಜಧಾನಿಯ ಎರಡು ದಡಗಳೆಂದು ಬಗೆದಿದ್ದ ಹಂಪೆ ಆನೆಗೊಂದಿಗಳಲ್ಲಿ, ಹಂಪೆ ಮದರಾಸ ಇಲಾಖೆಗೆ, ಆನೆಗೊಂದಿ ಮೊಗಲಾಯಿಗೆ. ಈ ದಡದಲ್ಲಿ ಕಲ್ದಾರ ರೂಪಾಯಿ, ಆ ದಡದಲ್ಲಿ ನಿಜಾಮರ ಹಾಲಿ ಶಿಕ್ಕಾ. ಇಲ್ಲಿಯ ಕಚೇರಿಯಲ್ಲಿ ಇಂಗ್ಲಿಷು, ಅಲ್ಲಿಯ ಕಚೇರಿಯಲ್ಲಿ ಉರ್ದು. ಎರಡೂ ಕಡೆಯ ಮನೆಗಳಲ್ಲಿ ಕನ್ನಡ. ಆ ಹೊಳೆಯನ್ನು ಜನರು ಹರಿಗೋಲಿನಲ್ಲಿ ಕುಳಿತು ದಿನಾಲು ದಾಟುತ್ತಿದ್ದರು. ಸಂತೆ ಮುಗಿಸಿ, ಬೀಗರನ್ನು ಕಂಡು, ಸಂಜೆಗೆ ಹಿಂದಿರುಗುತ್ತಿದ್ದರು. ಅವರ ದಾಟುವಿಕೆಯು ಯಾವ ಇತಿಹಾಸದಲ್ಲಿಯೂ ಬರೆಯಲ್ಪಟ್ಟಿಲ್ಲ. ಆದರೂ ಎರಡು ದಡಗಳು ಒಂದೇ ನಾಡೆಂಬ ಅರಿವು ಆ ಹರಿಗೋಲುಗಳಲ್ಲಿ ಉಳಿದುಬಂದಷ್ಟು ಸಭೆಗಳ ಠರಾವುಗಳಲ್ಲಿ ಉಳಿದುಬಂತೆಂದು ನಾವು ಹೇಳಲಾರೆವು.

ಆದರೆ ಈ ಹೊಳೆಯು ಮೇರೆಯಾಗಿರುವದು ನಿಂತುಹೋದ ಬಗೆಯನ್ನು ನೋಡಿರಿ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು. 1917ರಲ್ಲಿ ಆಲೂರ ವೆಂಕಟರಾಯರ 'ಕರ್ನಾಟಕ ಗತವೈಭವ'. 1920ರಲ್ಲಿ ನಾಗಪುರದ ಕಾಂಗ್ರೆಸ್ಸು ಭಾಷಾವಾರು ಪ್ರಾಂತಗಳ ತತ್ತ್ವವನ್ನು ತನ್ನ ಸಂಘಟನೆಯ ಮಟ್ಟಿಗೆ ಒಪ್ಪಿತು. 1924ರಲ್ಲಿ ಮಹಾತ್ಮರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸು ಬೆಳಗಾವಿಯಲ್ಲಿ ನೆರೆದಾಗ ಅಲ್ಲಿಯೇ ಏಕೀಕರಣ ಪರಿಷತ್ತೂ ನೆರೆಯಿತು. ಆ ಮೇಲೆ ವಾಚನಾಲಯಗಳು, ನಾಡಹಬ್ಬಗಳು, ಅರ್ಜಿಗಳು, ವರ್ಗಣಿಗಳು, ತೂಕಡಿಸುವ ಶ್ರೋತೃಗಳ ಮುಂದೆ ಮಾಡಿದ ಲೆಕ್ಕವಿಲ್ಲದ ಭಾಷಣಗಳು. ಸ್ವಾತಂತ್ರ್ಯ ಬಂದಿತು, 1948ರಲ್ಲಿ ಧರ್ ಆಯೋಗವು ಭಾಷಾವಾರು ಪ್ರಾಂತಗಳು ಈಗ ಬೇಡವೆಂದಿತು. 1953ರ ಅಕ್ಟೋಬರ 1ಕ್ಕೆ ಬಳ್ಳಾರಿ ಜಿಲ್ಲೆಯ ಬಹುಭಾಗವು ಮೈಸೂರಿಗೆ ಸೇರಿದಾಗಲೂ ಹಂಪೆಗೂ ಆನೆಗೊಂದಿಗೂ ನಡುವಿನ ಮೇರೆಯು ಇದ್ದೇ ಇತ್ತು. ಫಜಲ್ ಅಲಿ ಆಯೋಗವು 1955ರಲ್ಲಿ ವರದಿಯನ್ನು ಒಪ್ಪಿಸಿದ ಬಳಿಕ, 1956ರ ಕಾಯಿದೆಯಿಂದ, ನವೆಂಬರ 1ಕ್ಕೆ ಆ ಮೇರೆಯು ಅಳಿಯಿತು.

ಇದರಲ್ಲಿ ಸೀಝರನು ಎಲ್ಲಿ? ಹೊಳೆಯ ದಂಡೆಯಲ್ಲಿ ನಿಂತು ತೂಗಿ ನೋಡಿದ ಒಂದು ಮುಂಜಾವು ಎಲ್ಲಿ? ಮೈಸೂರಿನ ಮುಖ್ಯಮಂತ್ರಿಯಾಗಿ ತಮ್ಮ ಸೀಮೆಯವರಲ್ಲಿ ಅನೇಕರ ಅಸಮಾಧಾನವನ್ನು ಎದುರಿಸಿ ಏಕೀಕರಣಕ್ಕೆ ಬೆಂಬಲವಾಗಿ ನಿಂತ ಕೆಂಗಲ್ ಹನುಮಂತಯ್ಯನವರು 1956ರ ನವೆಂಬರ 1ರಂದು ಅಧಿಕಾರದಲ್ಲಿರಲಿಲ್ಲ. ಅಗಸ್ಟದಲ್ಲಿಯೇ ಆ ಪದವಿ ಹೋಗಿತ್ತು. ಕಡಿದಾಳ ಮಂಜಪ್ಪನವರು ಎರಡು ತಿಂಗಳು ಚಿಲ್ಲರೆ ಕಾಲ ಇದ್ದು, ವಿಶಾಲ ರಾಜ್ಯದ ಚುಕ್ಕಾಣಿಯು ನಿಜಲಿಂಗಪ್ಪನವರ ಕೈಗೆ ಬಂದಿತು. ದಾಟಿಸಿದವನು ಒಬ್ಬ, ದಡದಲ್ಲಿ ಇಳಿದವನು ಇನ್ನೊಬ್ಬ; ಹುಟ್ಟು ಹಾಕಿದವರಂತೂ ಸಾವಿರಾರು. ಹನಿ ಹನಿ ಕೂಡಿ ಹಳ್ಳವಾಯಿತೆಂಬ ನಮ್ಮ ಹಳೆಯ ಮಾತು ಇಲ್ಲಿ ಅಕ್ಷರಶಃ ನಿಜ. ಇದಕ್ಕೆ ರುಬಿಕನ್ ಎಂಬ ಹೆಸರನ್ನು ಕೊಟ್ಟರೆ, ಆರು ದಶಕಗಳಿಗೂ ಮಿಕ್ಕಿ ನಡೆದ ಕೆಲಸವು ಒಂದು ರಾತ್ರಿಯ ಸಾಹಸವಾಗಿ ಕಾಣುವದು. ವರ್ಗಣಿ ಎತ್ತಿದ ಮಾಸ್ತರನೂ, ವಾಚನಾಲಯದ ಕಸ ಗುಡಿಸಿದ ಹುಡುಗನೂ ಲೆಕ್ಕದಿಂದ ಬಿದ್ದುಹೋಗುವರು. ಹೊಳೆ ದಾಟಿ ಅಂಬಿಗನನ್ನು ಮರೆತವನ ಗಾದೆಯನ್ನು ನಾವು ನೆನಪಿನಲ್ಲಿಡಲು ಹೇಳಿದ್ದು ಇದಕ್ಕಾಗಿಯೇ.

ಆ ಹೋರಾಟದಲ್ಲಿ ತಮ್ಮ ಪ್ರಾಣವನ್ನು ಒತ್ತೆಯಿಟ್ಟವರು ಇರಲಿಲ್ಲವೆಂದಲ್ಲ. 1953ರಲ್ಲಿ ಹುಬ್ಬಳ್ಳಿಯ ಸಮೀಪದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕ ಪ್ರಾಂತಕ್ಕಾಗಿ ಉಪವಾಸವನ್ನು ಹಿಡಿದರು. ಅದರ ಹಿಂದಿನ ವರ್ಷ ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು ಇವರು ಎರಡು ತಿಂಗಳ ಹತ್ತಿರ ಹತ್ತಿರ ಉಪವಾಸವಿದ್ದು 1952ರ ಡಿಸೆಂಬರ 15ಕ್ಕೆ ಪ್ರಾಣಬಿಟ್ಟರು. ನಾಲ್ಕೇ ದಿನಗಳಲ್ಲಿ ಆಂಧ್ರರಾಜ್ಯದ ಘೋಷಣೆಯಾಯಿತು. ತಿಳಿದು, ತೂಗಿ, ಹಿಂದಿರುಗುವ ದಾರಿಯು ಪ್ರತಿದಿನವೂ ತೆರೆದಿರುವಾಗಲೇ ಹಿಂದಿರುಗದೆ ಇದ್ದದ್ದು ಇಲ್ಲಿ ಕಾಣುವದು. ಈ ಮಾತನ್ನು ನಮ್ಮ ದೇಶದಲ್ಲಿ ಯಾರಿಗಾದರೂ ಉಪಯೋಗಿಸಲೇಬೇಕೆಂದರೆ ಇಂಥವರಿಗೆ ಉಪಯೋಗಿಸಬೇಕು. ಒಂದು ಭೇದ ಮಾತ್ರ ಇದೆ. ಸೀಝರನು ತನ್ನ ಮಾನಪದವಿಗಳಿಗಾಗಿ ಐದು ಸಾವಿರ ಜನರನ್ನು ಬೆನ್ನ ಹಿಂದೆ ಕರೆದುಕೊಂಡು ದಾಟಿದನು; ಇವರು ಒಬ್ಬೊಬ್ಬರೇ, ಬರಿಗೈಯಿಂದ.

ರುಬಿಕನ್ನಿನ ಕಥೆಗೆ ಒಂದು ಬಾಲವಿದೆ. ಅದನ್ನು ಹೇಳುವವರು ಕಡಿಮೆ. ಸೀಝರನು ತಾನೇ ಬರೆದ ಅಂತರ್ಯುದ್ಧದ ಇತಿಹಾಸದಲ್ಲಿ ಈ ಹೊಳೆಯ ಹೆಸರನ್ನೇ ಎತ್ತುವದಿಲ್ಲ. ಸೈನಿಕರ ಮುಂದೆ ಭಾಷಣ ಮಾಡಿ ಅರಿಮಿನಮ್ ಪಟ್ಟಣಕ್ಕೆ ಹೋದದ್ದಾಗಿ ಬರೆದು, ಅಲ್ಲಿ ಪಾಂಪೆಯ ಕಡೆಯಿಂದ ಬಂದವರೊಡನೆ ಸಂಧಾನದ ಮಾತುಗಳು ನಡೆದ ವೃತ್ತಾಂತವನ್ನು ವಿಸ್ತರಿಸುತ್ತಾನೆ. ಹೊಳೆಯನ್ನು ದಾಟಿದ ಮೇಲೂ ಸಂಧಾನ! ಅದೊಂದು ಹಿಂದಿರುಗಲಾರದ ಹೆಜ್ಜೆಯಾಗಿತ್ತೆಂದು ಹೀಗೆ ಎತ್ತಿ ತೋರಿಸಿದವರು ಮುಂದೆ ಬಂದ ಗ್ರಂಥಕಾರರು. ಪ್ಲುಟಾರ್ಕ ಸುಯೆಟೋನಿಯಸರು ಬರೆದದ್ದು ಸುಮಾರು ನೂರೈವತ್ತು ವರ್ಷಗಳು ಸಂದ ಮೇಲೆ. ಇನ್ನೂ ವಿಶೇಷವಾದದ್ದು ಮೇರೆಯ ಗತಿ. ಪೋ ನದಿಯ ಆಚೆಯ ಜನರಿಗೆ ಕ್ರಿ.ಪೂ. 49ರಲ್ಲಿಯೇ ರೋಮದ ಪೌರತ್ವವು ದೊರಕಿತು. ಸೀಝರನು ಸತ್ತ ತರುವಾಯ, ಕ್ರಿ.ಪೂ. 42ರ ಸುಮಾರಿಗೆ, ಆ ಗಾಲ್ ಪ್ರಾಂತವನ್ನೇ ರದ್ದುಪಡಿಸಿ ಇಟಲಿಯಲ್ಲಿ ಸೇರಿಸಿಬಿಟ್ಟರು. ದಂಡು ದಾಟಿದಾಗ ಮೇರೆಯು ಮುರಿಯಿತು, ಅಳಿಯಲಿಲ್ಲ. ಅದು ಅಳಿದದ್ದು ಎರಡು ದಡದವರೂ ಸಮಾನ ಪೌರರಾಗಿ ಒಂದೇ ನಾಡಿನವರಾದಾಗ. ಅದರ ನಂತರ ರುಬಿಕನ್ ಬರಿಯ ಹಳ್ಳವಾಯಿತು. ಜನರು ಅದು ಯಾವ ಹಳ್ಳವೆಂಬದನ್ನು ಮರೆತದ್ದಕ್ಕೆ ಇದೇ ಕಾರಣವಾಗಿರಲೂಬಹುದು. ಹರಿಹರದ ಸೇತುವೆಯ ಮೇಲೆ ಈಗ ಬಸ್ಸಿನಲ್ಲಿ ಹೋಗುವ ಯಾರಿಗೆ ಮುಂಬಯಿ ಇಲಾಖೆಯ ನೆನಪಾಗುವದು?

ನೆನಪಾಗಬೇಕಾದ ಹೊಳೆಯು ಬೇರೆ ಇದೆ. ಕಾಸರಗೋಡಿನ ಚಂದ್ರಗಿರಿ. 1956ರಲ್ಲಿ ದಕ್ಷಿಣ ಕನ್ನಡ ಜಿಲ್ಲೆಯನ್ನು ಒಡೆದು ಕಾಸರಗೋಡನ್ನು ಕೇರಳಕ್ಕೆ ಕೊಟ್ಟಾಗ, ಆ ಹೊಳೆಯ ಉತ್ತರದ ಸೀಮೆಯಾದರೂ ನಮ್ಮದಾಗಬೇಕೆಂದು ಅಲ್ಲಿಯ ಕನ್ನಡಿಗರು ಕೇಳಿದರು. ಕಯ್ಯಾರ ಕಿಞ್ಞಣ್ಣ ರೈಯವರಂಥ ಕವಿಗಳು ತಮ್ಮ ಆಯುಷ್ಯದುದ್ದಕ್ಕೂ ಕೇಳಿದರು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿಯ ಉತ್ತರಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬಂದಿಲ್ಲ. 1956ರಲ್ಲಿ ನಾವು ರುಬಿಕನ್ ದಾಟಿದೆವೆಂದು ಹೇಳಿಬಿಟ್ಟರೆ, ಎಲ್ಲರೂ ಒಟ್ಟಿಗೇ ದಾಟಿ ಕೆಲಸವು ಮುಗಿಯಿತೆಂಬ ಭಾವನೆಯು ಹುಟ್ಟುವದು. ದಂಡೆಯಲ್ಲಿಯೇ ಉಳಿದವರು ಆ ವಾಕ್ಯವನ್ನು ಓದಿದರೆ ಏನೆಂದುಕೊಂಡಾರು?

ಮಾಸ್ತರರು ಮತ್ತೆ ಬಂದಾಗ ಉತ್ತರಪತ್ರಿಕೆಯನ್ನು ತಂದಿದ್ದರು. ಆ ವಾಕ್ಯಕ್ಕೆ ಕೆಂಪು ಗೆರೆಯನ್ನು ಎಳೆಯಬೇಡಿರೆಂದು ನಾವು ಹೇಳಿದೆವು. ಅರ್ಧ ಅಂಕವನ್ನು ಕೊಟ್ಟು, ಪಕ್ಕದ ಅಂಚಿನಲ್ಲಿ "ದಾಟಿದವರು ಯಾರು? ಅವರ ಹೆಸರುಗಳನ್ನು ಬರೆ" ಎಂದು ಬರೆಯಿರಿ, ಹುಡುಗನು ತನ್ನ ಊರಿನಲ್ಲಿಯೇ ನಾಲ್ಕು ಹೆಸರುಗಳನ್ನು ಕೇಳಿಕೊಂಡು ಬಂದರೆ ಉಳಿದರ್ಧವನ್ನೂ ಕೊಡಿರಿ ಎಂದೆವು. ಮಾಸ್ತರರು ಪೆನ್ಸಿಲ್ ತೆಗೆದು ಹಾಗೆಯೇ ಬರೆದುಕೊಂಡು ಹೋದರು.